ಪತ್ರಕರ್ತ, ಸಾಹಸ ಕಾದಂಬರಿಕಾರರ ಹಳೇ ಪತ್ರಗಳನ್ನು ಉಳಿಸಿ ಜೋಡಿಸುವುದು ಹೇಗೆ: ಮುಂಬಯಿ ಕನ್ನಡಿಗರ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಮಾಟುಂಗಾ, ಘಾಟ್‌ಕೋಪರ್, ಮುಲುಂಡ್ ಕಡೆ ಹಳೇ ಕಟ್ಟಡಗಳು ಒಂದೊಂದಾಗಿ ರಿಡೆವಲಪ್‌ಮೆಂಟಿಗೆ ಹೋಗುತ್ತಿವೆ. ಮನೆ ಖಾಲಿ ಮಾಡುವಾಗ ಲಾಫ್ಟಿನಿಂದ ಒಂದು ಟ್ರಂಕು ಇಳಿಯುತ್ತದೆ. ಹಗಲು ಪತ್ರಿಕಾ ಕಚೇರಿಯಲ್ಲಿ ದುಡಿದು, ರಾತ್ರಿ ಪತ್ತೇದಾರಿ, ಸಾಹಸ ಕಾದಂಬರಿ ಬರೆದ ಅಜ್ಜನದೋ ದೊಡ್ಡಪ್ಪನದೋ ಟ್ರಂಕು ಅದು. ಒಳಗೆಲ್ಲ ಪತ್ರಗಳು.

ಮುಂದೆ ಆಗುವುದು ಹೆಚ್ಚುಕಮ್ಮಿ ಎಲ್ಲ ಮನೆಗಳಲ್ಲೂ ಒಂದೇ. ಮೊದಲು ಮೊಬೈಲ್ ತೆಗೆದು ಸಿಕ್ಕಿದ್ದಕ್ಕೆಲ್ಲ ಫೋಟೊ ಹೊಡೆಯುತ್ತಾರೆ. ಆಮೇಲೆ ತಾರೀಖಿನ ಪ್ರಕಾರ ಜೋಡಿಸೋಣ ಅಂತ ಕಟ್ಟುಗಳನ್ನು ಬಿಚ್ಚಿ ನೆಲದ ತುಂಬ ಹರಡುತ್ತಾರೆ. ಅರ್ಧದಷ್ಟು ಪತ್ರಗಳಿಗೆ ಪೂರ್ತಿ ತಾರೀಖೇ ಇಲ್ಲ ಅಂತ ಗೊತ್ತಾಗುವುದು ಆಗಲೇ. ಕೆಲಸ ಅಲ್ಲಿಗೆ ನಿಲ್ಲುತ್ತದೆ. ಫೋನಿನಲ್ಲಿ ಹೆಸರಿಲ್ಲದ ನೂರಾರು ಫೋಟೊ ಉಳಿಯುತ್ತವೆ. ಲಕೋಟೆ ಒಂದು ಕಡೆ, ಪತ್ರ ಇನ್ನೊಂದು ಕಡೆ.

ಇವರಿಗೆ ಶ್ರದ್ಧೆ ಕಮ್ಮಿ ಅಂತ ನನಗೆ ಒಮ್ಮೆಯೂ ಅನಿಸಿಲ್ಲ. ಕ್ರಮ ತಪ್ಪುತ್ತದೆ, ಅಷ್ಟೇ. ಒಣಗಿಸುವುದು, ಇದ್ದ ಜೋಡಣೆಯನ್ನು ಬರೆದಿಡುವುದು, ಚೊಕ್ಕ ಮಾಡುವುದು, ನಂಬರ್ ಹಾಕುವುದು, ಪಟ್ಟಿ ಮಾಡುವುದು, ಕೊನೆಗೆ ಸ್ಕ್ಯಾನ್. ಈ ಸಾಲನ್ನು ಹಿಂದೆಮುಂದೆ ಮಾಡಬೇಡಿ.

ಶುರು ಮಾಡುವ ಮೊದಲು: ಕಾಲ ಮತ್ತು ಸಾಮಾನು

ಮುಂಬಯಿಯಲ್ಲಿ ಈ ಕೆಲಸಕ್ಕೆ ಒಳ್ಳೆಯ ಕಾಲ ನವೆಂಬರ್‌ನಿಂದ ಫೆಬ್ರವರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವಾಂಶ ಎಷ್ಟೋ ದಿನ ಶೇ. 80 ದಾಟುತ್ತದೆ. ಶೇ. 65ರ ಮೇಲೆ ಬಹಳ ದಿನ ಇದ್ದರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲೇ ಟ್ರಂಕು ಕೈಗೆ ಬಂದರೆ ಒಂದನೇ ಮತ್ತು ಎರಡನೇ ಹಂತ ಮಾತ್ರ ಮುಗಿಸಿ, ಉಳಿದದ್ದಕ್ಕೆ ಕಾಯಿರಿ.

ಬೇಕಾಗುವ ಸಾಮಾನು ದುಬಾರಿ ಏನಲ್ಲ. ತೇವಾಂಶ ತೋರಿಸುವ ಒಂದು ಸಣ್ಣ ಮೀಟರು, ಮೆತ್ತನೆಯ ಅಗಲ ಬ್ರಷ್, 2ಬಿ ಪೆನ್ಸಿಲ್, ಎನ್95 ಮಾಸ್ಕ್, ಬ್ಲಾಟಿಂಗ್ ಪೇಪರ್, ಚಪ್ಪಟೆ ತುದಿಯ ಸ್ಪ್ಯಾಟುಲಾ, ಬಿಳೀ ಹತ್ತಿಯ ಲಾಡಿ. ಜೊತೆಗೆ ಆಮ್ಲ ಇಲ್ಲದ ಕಾಗದ ಮತ್ತು ಫೋಲ್ಡರು, ಆಮ್ಲ ಇದ್ದರೆ ತಾಗಿದ ಪತ್ರಕ್ಕೆ ಕಂದು ಕಲೆ ಬೀಳುತ್ತದೆ. ಮಾಮೂಲಿ ಸ್ಟೇಷನರಿಗೆ ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಅಬ್ದುಲ್ ರೆಹಮಾನ್ ಸ್ಟ್ರೀಟ್ ಸಾಕು. ಆಮ್ಲರಹಿತ ಕಾಗದವನ್ನು ಮಾತ್ರ ಕೇಳಿ, ಪರೀಕ್ಷಿಸಿ ಕೊಳ್ಳಿ. ಕಾಗದದ ಮೇಲೆ ಗೀಚಿದರೆ ಬಣ್ಣದಿಂದ ಆಮ್ಲ ತೋರಿಸುವ ಪೆನ್ನು ಸಿಗುತ್ತದೆ, ಒಂದು ಇಟ್ಟುಕೊಳ್ಳಿ. ಪುಣೆಯಲ್ಲಿರುವವರು ಶಿವಾಜಿನಗರದ ಹ್ಯಾಂಡ್‌ಮೇಡ್ ಪೇಪರ್ ಇನ್‌ಸ್ಟಿಟ್ಯೂಟ್‌ನಲ್ಲಿ ಹತ್ತಿಚಿಂದಿಯ ಕಾಗದ ನೋಡಬಹುದು. ಕೈಕಾಗದ ಅಂದ ಮಾತ್ರಕ್ಕೆ ಆಮ್ಲ ಇರುವುದಿಲ್ಲ ಅಂತಲ್ಲ, ಅಲ್ಲೂ ಪೆನ್ನಿನಿಂದ ನೋಡಿಯೇ ಕೊಳ್ಳಿ.

ಬಟ್ಟೆಯ ಕೈಗವಸು ಬೇಡ. ಅದನ್ನು ಹಾಕಿಕೊಂಡರೆ ಬೆರಳಿಗೆ ಕಾಗದದ ಅಂಚು ಗೊತ್ತಾಗುವುದಿಲ್ಲ, ಹರಿಯುವುದು ಜಾಸ್ತಿ. ತೊಳೆದು ಚೆನ್ನಾಗಿ ಒರೆಸಿದ ಬರಿಗೈ ಸಾಕು. ಬೂಷ್ಟು ಇದ್ದಾಗ ಮಾತ್ರ ತೆಳು ನೈಟ್ರೈಲ್ ಗವಸು ಹಾಕಿ.

ಹಂತ 1: ಒದ್ದೆ, ಬೂಷ್ಟು, ಹುಳ

ಟ್ರಂಕು ತೆರೆದ ಕೂಡಲೇ ಮೂಸಿ ನೋಡಿ. ಮಣ್ಣಿನಂಥ ಮುಗ್ಗಲು ವಾಸನೆ ಬಂದರೆ ಬೂಷ್ಟು ಇದೆ ಅಂತಲೇ ಲೆಕ್ಕ. ಮಾಸ್ಕ್ ಹಾಕಿಕೊಳ್ಳಿ. ಮನೆಯಲ್ಲಿ ಅಸ್ತಮಾ ಇರುವವರಿದ್ದರೆ ಅವರನ್ನು ದೂರ ಇಡಿ.

ಬೂಷ್ಟು ಹತ್ತಿಯಂತೆ ನುಣ್ಣಗೆ, ಮುಟ್ಟಿದರೆ ಮೆತ್ತುವಂತಿದ್ದರೆ ಅದು ಇನ್ನೂ ಬೆಳೆಯುತ್ತಿದೆ. ಆಗ ಒರೆಸಬೇಡಿ. ಒರೆಸಿದರೆ ಕಾಗದದ ಒಳಕ್ಕೇ ಇಳಿಯುತ್ತದೆ. ಆ ಕಟ್ಟನ್ನು ಬೇರೆ ಕೋಣೆಗೆ ಒಯ್ದು ನೆರಳಿನಲ್ಲಿ, ಫ್ಯಾನ್ ಗಾಳಿ ನೇರವಾಗಿ ತಾಗದ ಹಾಗೆ ಒಣಗಿಸಿ. ಒಣಗಿ ಪುಡಿಯಾದ ಮೇಲೆ ಬಾಲ್ಕನಿಯಲ್ಲಿ ಕೂತು ಬ್ರಷ್‌ನಿಂದ ಮೈಯಿಂದ ಆಚೆಗೆ ಗುಡಿಸಿ.

ಬಿಸಿಲಿಗೆ ಹಾಕುವುದು ನಮ್ಮ ಮನೆಗಳಲ್ಲಿ ಮೊದಲು ಹೊಳೆಯುವ ಉಪಾಯ. ಅದು ಹಪ್ಪಳಕ್ಕೆ ಸರಿ, ಪತ್ರಕ್ಕಲ್ಲ. ಫೌಂಟನ್ ಪೆನ್ನಿನ ನೀಲಿ ಇಂಕು ಬಿಸಿಲಿಗೆ ಬಹಳ ಬೇಗ ಮಾಸುತ್ತದೆ, ಕಾಗದವೂ ಸೆಟೆದುಕೊಳ್ಳುತ್ತದೆ.

ಪತ್ರಗಳು ನೀರಲ್ಲಿ ನೆಂದಿದ್ದರೆ 48 ಗಂಟೆಯೊಳಗೆ ಏನಾದರೂ ಮಾಡಲೇಬೇಕು, ಇಲ್ಲದಿದ್ದರೆ ಬೂಷ್ಟು ಶುರುವಾಗುತ್ತದೆ. ಸ್ವಲ್ಪ ಇದ್ದರೆ ಬ್ಲಾಟಿಂಗ್ ಪೇಪರ್ ನಡುವೆ ಇಟ್ಟು, ಹಾಳೆ ಬದಲಿಸುತ್ತಾ ಒಣಗಿಸಿ. ರಾಶಿ ಇದ್ದರೆ ಸಣ್ಣ ಸಣ್ಣ ಕಟ್ಟುಗಳಾಗಿ ಪಾಲಿಥೀನ್ ಚೀಲಕ್ಕೆ ಹಾಕಿ ಫ್ರೀಜರಿನಲ್ಲಿಡಿ. ಅಲ್ಲಿ ಬೂಷ್ಟು ಬೆಳೆಯುವುದಿಲ್ಲ. ಬಿಡುವಾದಾಗ ಒಂದೊಂದೇ ಕಟ್ಟು ಹೊರತೆಗೆದು ಒಣಗಿಸಬಹುದು. ಅಂಟಿಕೊಂಡ ಹಾಳೆಗಳನ್ನು ಕೈಯಿಂದ ಎಳೆದು ಬಿಡಿಸಬೇಡಿ. ಅಂಥವನ್ನು ಪಕ್ಕಕ್ಕಿಟ್ಟು ಕಾಗದ ಸಂರಕ್ಷಣೆ ಗೊತ್ತಿರುವವರಿಗೆ ತೋರಿಸಿ. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿ ಸಂರಕ್ಷಣಾ ಕೇಂದ್ರ ಇದೆ, ಅಲ್ಲಿ ಸಲಹೆ ಕೇಳಿ ನೋಡಿ.

ಹುಳಕ್ಕೂ ಫ್ರೀಜರೇ ಮದ್ದು. ಗಾಳಿಯಾಡದ ಚೀಲದಲ್ಲಿ ಕಟ್ಟಿ, ಮನೆಯ ಫ್ರೀಜರಿನ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ತಣ್ಣನೆಯ ಕಾಗದಕ್ಕೆ ಮುಂಬಯಿ ಗಾಳಿ ತಾಗಿದರೆ ಮೇಲೆಲ್ಲ ನೀರು ಕೂರುತ್ತದೆ. ನುಸಿಗುಳಿಗೆ ಹಾಕಬೇಡಿ. ಕಾಗದದಲ್ಲಿದ್ದ ಮೊಟ್ಟೆ ಅದರಿಂದ ಸಾಯುವುದಿಲ್ಲ, ಅದರ ಆವಿ ನಿಮ್ಮ ಶ್ವಾಸಕ್ಕೂ ಒಳ್ಳೆಯದಲ್ಲ.

*ಎಚ್ಚರಿಕೆಯ ಗುರುತು:* ಅಂಚಿನಲ್ಲಿ ಕೆರೆದಂತೆ ತೆಳ್ಳಗಾಗಿದ್ದರೆ ಬೆಳ್ಳಿ ಹುಳ. ಗುಂಡು ತೂತು ಹಾಳೆಯಿಂದ ಹಾಳೆಗೆ ನೇರ ಹೋಗಿದ್ದರೆ ಪುಸ್ತಕದ ಹುಳ. ಮಣ್ಣಿನ ಗೆರೆ ಕಂಡರೆ ಗೆದ್ದಲು. ಗೆದ್ದಲು ಕಂಡರೆ ಪತ್ರ ಪಕ್ಕಕ್ಕಿಟ್ಟು ಮೊದಲು ಗೋಡೆಗೆ ಔಷಧಿ ಮಾಡಿಸಿ.

ಹಂತ 2: ಕಟ್ಟು ಬಿಚ್ಚುವ ಮೊದಲು ಜೋಡಣೆಯನ್ನು ದಾಖಲಿಸಿ

ಬಹುತೇಕ ಜನ ಎಡವುವುದು ಇಲ್ಲೇ. ಟ್ರಂಕಿನಲ್ಲಿ ಪತ್ರಗಳು ಹೇಗೆ ಇದ್ದವು ಅನ್ನುವುದೇ ಒಂದು ಸಾಕ್ಷಿ. ಲೇಖಕರು ಓದುಗರ ಪತ್ರಗಳನ್ನು ಒಂದು ದಾರದಲ್ಲಿ, ಪ್ರಕಾಶಕರದ್ದನ್ನು ಇನ್ನೊಂದರಲ್ಲಿ ಕಟ್ಟಿರಬಹುದು. ಒಂದು ಧಾರಾವಾಹಿಗೆ ಬಂದ ಪತ್ರಗಳನ್ನೆಲ್ಲ ಒಂದು ಹಳೇ ಲಕೋಟೆಗೆ ತುರುಕಿ, ಮೇಲೆ ಅದರ ಹೆಸರು ಗೀಚಿರಬಹುದು. ತಾರೀಖಿಲ್ಲದ ಪತ್ರವೊಂದು ಯಾವ ಕಾದಂಬರಿಯ ಬಗ್ಗೆ ಅಂತ ಹೇಳುವುದು ಎಷ್ಟೋ ಸಲ ಅದರ ಪಕ್ಕದಲ್ಲಿದ್ದ ಪತ್ರ ಮಾತ್ರ.

ಹಾಗಾಗಿ ಟ್ರಂಕು ತೆರೆದಾಗ ಮೇಲಿನಿಂದ ಒಂದು ಫೋಟೊ. ಪ್ರತಿ ಪದರ ತೆಗೆದಾಗ ಇನ್ನೊಂದು. ಪ್ರತಿ ಕಟ್ಟಿಗೂ ಒಂದು ಚೀಟಿ: ಕಟ್ಟು 1, ಕಟ್ಟು 2 ಹೀಗೆ. ಚೀಟಿಯಲ್ಲಿ ಅದು ಎಲ್ಲಿತ್ತು, ಯಾವ ದಾರ, ಮೇಲೆ ಏನು ಬರೆದಿತ್ತು ಅಂತ ಬರೆಯಿರಿ. ದಾರ ಕೊಳೆಯಾಗಿದ್ದರೆ ಬಿಸಾಡಿ ಹತ್ತಿಯ ಲಾಡಿ ಕಟ್ಟಿ. ಲೇಖಕರ ಕೈಬರಹ ಇರುವ ಲಕೋಟೆ, ರಟ್ಟು, ಕಾಗದದ ಸುತ್ತು ಮಾತ್ರ ಯಾವುದನ್ನೂ ಬಿಸಾಡಬೇಡಿ.

ಇನ್ನೊಂದು ಮಾತು. ಈ ಹಂತ ಮುಗಿಯುವವರೆಗೆ ರದ್ದಿವಾಲಾನನ್ನು ಮನೆಗೆ ಕರೆಸಬೇಡಿ. ಪತ್ರಕರ್ತರ ಟ್ರಂಕಿನಲ್ಲಿ ಹಳೇ ಪತ್ರಿಕೆಗಳ ರಾಶಿ ಇದ್ದೇ ಇರುತ್ತದೆ, ಅದನ್ನು ಮೊದಲು ಸಾಗಹಾಕೋಣ ಅನಿಸುತ್ತದೆ. ಅದೇ ಪತ್ರಿಕೆಗಳ ಮಡಿಕೆಯಲ್ಲಿ ಪತ್ರ, ರಸೀದಿ, ಒಪ್ಪಂದದ ಹಾಳೆ ಸಿಗುತ್ತವೆ. ಪ್ರತಿಯೊಂದನ್ನೂ ಬಿಡಿಸಿ, ಮೆಲ್ಲಗೆ ಕೊಡವಿ ನೋಡಿ.

ಹಂತ 3: ಪಿನ್ನು, ಟೇಪು, ಕತ್ತರಿಸಿದ ಸುದ್ದಿ

ತುಕ್ಕು ಹಿಡಿದ ಗುಂಡುಪಿನ್ನನ್ನು ಎಳೆದು ತೆಗೆಯಬಾರದು. ಪಿನ್ನಿನ ಕೆಳಗೆ ಸಣ್ಣ ಪ್ಲಾಸ್ಟಿಕ್ ಪಟ್ಟಿ ತೂರಿಸಿ, ತುಕ್ಕು ಅಂಟಿಕೊಂಡ ಜಾಗವನ್ನು ಸ್ಪ್ಯಾಟುಲಾದಿಂದ ಮೊದಲು ಸಡಿಲಿಸಿ, ಆಮೇಲೆ ಹೋದ ದಾರಿಯಲ್ಲೇ ಹಿಂದಕ್ಕೆ ಜಾರಿಸಿ. ಸ್ಟೇಪಲ್ ಆದರೆ ಹಿಂಬದಿಯ ಎರಡೂ ಕಾಲು ಬಿಡಿಸಿ ಮುಂದಿನಿಂದ ಎತ್ತಿ. ಪಿನ್ನಿನಲ್ಲಿ ಒಟ್ಟಿಗಿದ್ದ ಹಾಳೆಗಳು ಮುಂದೆಯೂ ಒಟ್ಟಿಗೇ ಇರಬೇಕು. ಅವನ್ನು ಮಡಿಸಿದ ಒಂದು ಆಮ್ಲರಹಿತ ಹಾಳೆಯೊಳಗಿಡಿ.

ಹರಿದದ್ದಕ್ಕೆ ಸೆಲೋಟೇಪ್ ಬೇಡವೇ ಬೇಡ. ಲ್ಯಾಮಿನೇಷನ್ ಅಂತೂ ಪತ್ರವನ್ನು ಕೊಂದ ಹಾಗೆ. ಬಿಸಿಗೆ ಕರಗಿದ ಪ್ಲಾಸ್ಟಿಕ್ ಕಾಗದದೊಳಗೆ ಇಳಿಯುತ್ತದೆ, ಮತ್ತೆ ತೆಗೆಯಲು ಆಗುವುದಿಲ್ಲ. ಹಳೇ ಟೇಪ್ ಅಂಟಿಕೊಂಡಿದ್ದರೆ ಕೀಳಬೇಡಿ, ಹಾಗೇ ಬಿಡಿ.

ಪತ್ರಕರ್ತರ ಪತ್ರಗಳ ಜೊತೆ ಪತ್ರಿಕೆಯ ತುಣುಕುಗಳು ಇದ್ದೇ ಇರುತ್ತವೆ. ಪತ್ರಿಕೆಯ ಅಗ್ಗದ ಕಾಗದದಲ್ಲಿ ಆಮ್ಲ ಜಾಸ್ತಿ. ಪತ್ರಕ್ಕೆ ತಾಗಿಕೊಂಡಿದ್ದರೆ ತುಣುಕಿನ ಆಕಾರದಲ್ಲೇ ಕಂದು ಕಲೆ ಬೀಳುತ್ತದೆ. ತುಣುಕಿನ ಒಂದು ಜೆರಾಕ್ಸ್ ತೆಗೆದು ಪತ್ರದ ಜೊತೆ ಇಡಿ. ಮೂಲ ತುಣುಕನ್ನು ಬೇರೆ ಫೋಲ್ಡರಿಗೆ ಹಾಕಿ, ಅದೇ ನಂಬರ್ ಕೊಡಿ.

ಹಂತ 4: ಗುಂಪು ಮಾಡಿ, ನಂಬರ್ ಹಾಕಿ

ಲೇಖಕರೇ ಮಾಡಿಟ್ಟ ಗುಂಪು ಇದ್ದರೆ ಅದನ್ನೇ ಇಟ್ಟುಕೊಳ್ಳಿ. ಬಿಡಿಯಾಗಿ ಬಿದ್ದ ಪತ್ರಗಳಿಗೆ ಮಾತ್ರ ನೀವು ಗುಂಪು ಮಾಡಿ. ಇಂಥ ಲೇಖಕರ ವಿಷಯದಲ್ಲಿ ಸಾಮಾನ್ಯವಾಗಿ ಆರು ಗುಂಪು ಸಾಕು: ಸಂಪಾದಕರು ಮತ್ತು ಪತ್ರಿಕಾ ಕಚೇರಿ, ಪ್ರಕಾಶಕರು, ಓದುಗರು, ಸಹ ಲೇಖಕರು ಮತ್ತು ಚಿತ್ರಕಾರರು, ಮನೆಯವರು, ಲೇಖಕರು ತಾವೇ ಬರೆದದ್ದರ ಕಾರ್ಬನ್ ಪ್ರತಿಗಳು.

ಮನಿಯಾರ್ಡರ್ ಕೂಪನ್ನುಗಳನ್ನು ಕಸ ಅಂತ ತಿಳಿಯಬೇಡಿ. ಕಥೆ, ಕಾದಂಬರಿಯ ಸಂಭಾವನೆ ಬಹಳಷ್ಟು ಸಲ ಮನಿಯಾರ್ಡರಿನಲ್ಲೇ ಬರುತ್ತಿತ್ತು. ಕೂಪನ್ನಿನ ಪುಟ್ಟ ಜಾಗದಲ್ಲಿ ಸಂಪಾದಕರು ಎರಡು ಸಾಲು ಬರೆದಿರುತ್ತಾರೆ: ಯಾವ ಕಂತಿಗೆ ಎಷ್ಟು ಹಣ, ಮುಂದಿನದು ಯಾವಾಗ ಬೇಕು. ಜನಪ್ರಿಯ ಬರಹಗಾರರ ಬದುಕು ಹೇಗೆ ನಡೆಯಿತು ಅಂತ ಉದ್ದದ ಪತ್ರಕ್ಕಿಂತ ಈ ಚೂರು ಕಾಗದ ಚೆನ್ನಾಗಿ ಹೇಳುತ್ತದೆ. ಹಾಗೆಯೇ ಟೆಲಿಗ್ರಾಂ. ಫಾರಂ ಮೇಲೆ ಅಂಟಿಸಿದ ಪಟ್ಟಿಗಳ ಗೋಂದು ಒಣಗಿ ಉದುರುತ್ತಿರುತ್ತದೆ. ಒಂದೊಂದನ್ನೂ ಬೇರೆ ಬೇರೆ ಮಡಿಕೆಯಲ್ಲಿಡಿ.

ನಂಬರ್ ಹಾಕುವುದು ಪೆನ್ಸಿಲ್‌ನಲ್ಲಿ, ಹಿಂಬದಿಯ ಕೆಳಮೂಲೆಯಲ್ಲಿ, ಒತ್ತದೆ. ಪೆನ್ನು, ಸ್ಟಿಕ್ಕರ್, ರಬ್ಬರ್ ಮುದ್ರೆ ಯಾವುದೂ ಬೇಡ. ಕಟ್ಟಿನ ನಂಬರ್, ಆಮೇಲೆ ಪತ್ರದ ನಂಬರ್: 4-017 ಅಂದರೆ ನಾಲ್ಕನೇ ಕಟ್ಟಿನ ಹದಿನೇಳನೇ ಪತ್ರ. ಲಕೋಟೆಗೂ ಅದೇ ನಂಬರ್ ಹಾಕಿ, ಜೊತೆಯಲ್ಲೇ ಇಡಿ. ಲಕೋಟೆ ಬಿಸಾಡಿದರೆ ತಾರೀಖು, ಊರು, ವಿಳಾಸ ಮೂರೂ ಹೋದಂತೆ.

ಹಂತ 5: ತಾರೀಖು ಹುಡುಕುವುದು

ಈ ಹಂತಕ್ಕೆ ಸಮಯ ಜಾಸ್ತಿ ಬೇಕು. ನನಗಂತೂ ಇಡೀ ಕೆಲಸದಲ್ಲಿ ಇದೇ ಅತಿ ಇಷ್ಟ. ಪತ್ರದ ಮೇಲೆ ಬರೀ ‘ಸೋಮವಾರ’ ಅಂತಿದ್ದರೂ ಕಾಗದ, ಅಂಚೆ, ವಿಳಾಸ, ಒಳಗಿನ ಮಾತು ಎಲ್ಲ ಸೇರಿ ತಾರೀಖು ಹೇಳುತ್ತವೆ.

*ಅಂಚೆ ಮುದ್ರೆ.* ಮೊದಲು ನೋಡಬೇಕಾದ್ದು ಇದು. ಕಳಿಸಿದ ಊರಿನ ಮುದ್ರೆ ಒಂದಾದರೆ, ತಲುಪಿದ ಊರಿನದು ಇನ್ನೊಂದು ಇರಬಹುದು, ಅದಕ್ಕೇ ಎರಡೂ ಬದಿ ನೋಡಿ. ಮಸುಕಾಗಿದ್ದರೆ ಕೋಣೆ ಕತ್ತಲೆ ಮಾಡಿ, ಟಾರ್ಚನ್ನು ಕಾಗದದ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಒತ್ತಿದ ಗುರುತು ಎದ್ದು ಕಾಣುತ್ತದೆ.

*ವಿಳಾಸ.* ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಆರಂಕಿಯ ಪಿನ್ ಇದ್ದರೆ ಪತ್ರ ಅದಕ್ಕಿಂತ ಹಳೆಯದಲ್ಲ. ಬರೀ ‘ಬೊಂಬಾಯಿ-19’ ಅಂತಿದ್ದರೆ ಬಹುಶಃ ಅದಕ್ಕಿಂತ ಮೊದಲಿನದು. ಆ 19 ಮಾಟುಂಗಾದ ನಂಬರ್, ಅದೇ ಆಮೇಲೆ 400019 ಆಯಿತು. ‘ಬೊಂಬಾಯಿ-1’ ಫೋರ್ಟ್, ‘ಬೊಂಬಾಯಿ-16’ ಮಾಹಿಮ್. ಆದರೆ 1972ರ ನಂತರವೂ ಹಳೇ ರೂಢಿಯಲ್ಲಿ ಬರೆದವರು ಬಹಳ ಮಂದಿ. ಹಾಗಾಗಿ ಪಿನ್ ಇಲ್ಲ ಅನ್ನುವುದೊಂದನ್ನೇ ನೆಚ್ಚಬೇಡಿ.

ರಾಜ್ಯದ ಹೆಸರು ಇನ್ನೂ ಒಳ್ಳೆಯ ಗುರುತು. ಹುಬ್ಬಳ್ಳಿ, ಧಾರವಾಡ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿದ್ದವು. ಮಂಗಳೂರು, ಉಡುಪಿ ಮದ್ರಾಸ್ ರಾಜ್ಯದಲ್ಲಿದ್ದವು. ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರ ನವೆಂಬರ್ 1. ಅಂದರೆ ‘ಹುಬ್ಬಳ್ಳಿ, ಮೈಸೂರು ರಾಜ್ಯ’ ಅಂತಿದ್ದರೆ ಆ ಪತ್ರ ಹೆಚ್ಚಾಗಿ ಈ ಎರಡು ತಾರೀಖುಗಳ ನಡುವಿನದು. ‘ಮಹಾರಾಷ್ಟ್ರ ರಾಜ್ಯ’ ಅಂತಿದ್ದರೆ 1960ರ ಮೇ 1ರ ಈಚಿನದು.

*ಅಂಚೆಚೀಟಿ, ಕಾಗದ.* ಆಣೆಯಲ್ಲಿ ಬೆಲೆ ಇದ್ದರೆ ಅದು 1957ರ ಏಪ್ರಿಲ್ 1ಕ್ಕೆ ಮೊದಲು ಅಚ್ಚಾದದ್ದು. ‘ನಯೇ ಪೈಸೆ’ ಅಂತಿದ್ದರೆ 1957ರಿಂದ 1964ರ ನಡುವೆ ಅಚ್ಚಾದದ್ದು. ಅಚ್ಚಾದ ಕಾಲ ಬೇರೆ, ಅಂಟಿಸಿದ ಕಾಲ ಬೇರೆ. ಹಳೇ ದಾಸ್ತಾನು ಸ್ವಲ್ಪ ದಿನ ನಡೆಯುತ್ತಿತ್ತು. ಇನ್‌ಲ್ಯಾಂಡ್ ಲೆಟರ್ ನಮ್ಮಲ್ಲಿ ಬಂದದ್ದು 1950ರ ಅಕ್ಟೋಬರ್ 2ರಂದು. ಅದಕ್ಕಿಂತ ಹಳೆಯ ತಾರೀಖು ಇನ್‌ಲ್ಯಾಂಡ್ ಮೇಲೆ ಕಂಡರೆ ಓದಿದ್ದು ತಪ್ಪಾಗಿದೆ.

*ಸಂವತ್ಸರ.* ಊರಿನ ಹಿರಿಯರು ಇಸವಿ ಬರೆಯದೆ ‘ಕ್ರೋಧಿ ಸಂ. ಶ್ರಾವಣ ಶುದ್ಧ ಪಂಚಮಿ’ ಅಂತ ಬರೆಯುತ್ತಿದ್ದರು. ಈ ಹೆಸರುಗಳು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. 2024ರ ಯುಗಾದಿಗೆ ಶುರುವಾದದ್ದು ಕ್ರೋಧಿ, ಹಾಗಾದರೆ ಅದರ ಹಿಂದಿನದು 1964-65. 2021-22 ಪ್ಲವ ಆಗಿತ್ತು, ಹಿಂದಿನ ಪ್ಲವ 1961-62. ವರ್ಷ ಬದಲಾಗುವುದು ಯುಗಾದಿಗೆ ಅನ್ನುವುದನ್ನು ಮರೆಯಬೇಡಿ. ಹಾಗೇ ಸಂವತ್ಸರದ ಪುಷ್ಯ ಮಾಸ ಇಂಗ್ಲಿಷ್ ವರ್ಷದ ಲೆಕ್ಕದಲ್ಲಿ ಹೆಚ್ಚಾಗಿ ಮುಂದಿನ ಇಸವಿಗೆ ಬೀಳುತ್ತದೆ.

*ಒಳಗಿನ ಮಾತು.* ಧಾರಾವಾಹಿ ಬರೆದವರ ವಿಷಯದಲ್ಲಿ ಇದು ದೊಡ್ಡ ಅನುಕೂಲ. ಓದುಗ ‘ಹೋದ ವಾರ ನಾಯಕನನ್ನು ಬಂಡೆಯ ತುದಿಗೆ ನೇತುಹಾಕಿ ಬಿಟ್ಟಿದ್ದೀರಿ’ ಅಂತ ಬರೆದಿದ್ದರೆ ಆ ಕಂತು ಯಾವ ಸಂಚಿಕೆಯದು ಅಂತ ಹುಡುಕಿ. ಪತ್ರದ ವಾರ ಸಿಕ್ಕಿಹೋಯಿತು. ಇದಕ್ಕಾಗಿ ಪ್ರತಿ ಧಾರಾವಾಹಿಯ ಕಂತು, ಸಂಚಿಕೆಯ ತಾರೀಖು ಇರುವ ಒಂದು ಹಾಳೆ ಮಾಡಿಟ್ಟುಕೊಳ್ಳಿ. ಪತ್ರಿಕೆಯ ಹೆಸರೂ ಸುಳಿವು ಕೊಡುತ್ತದೆ. ‘ಸುಧಾ’ ಶುರುವಾದದ್ದು 1965ರಲ್ಲಿ, ‘ಕಸ್ತೂರಿ’ 1956ರಲ್ಲಿ. ಅವುಗಳ ಪ್ರಸ್ತಾಪ ಇರುವ ಪತ್ರ ಅದಕ್ಕಿಂತ ಹಳೆಯದಾಗಲಾರದು.

ಇವನ್ನೆಲ್ಲ ಸೇರಿಸಿ ನೋಡುವುದು ಹೇಗೆ? ಒಂದು ಮಾದರಿ ತೆಗೆದುಕೊಳ್ಳೋಣ. ಇನ್‌ಲ್ಯಾಂಡ್ ಪತ್ರ, ವಿಳಾಸ ಬೊಂಬಾಯಿ-19, ಮುದ್ರೆ ಓದಲಾಗುತ್ತಿಲ್ಲ. ಮೇಲೆ ‘ಬುಧವಾರ, ತಾ. 12’ ಅಂತ ಮಾತ್ರ ಇದೆ. ಒಳಗೆ ‘ನೆಹರೂ ಹೋಗಿ ಇನ್ನೂ ಮೂರು ತಿಂಗಳಾಗಿಲ್ಲ’ ಅನ್ನುವ ಸಾಲು. ನೆಹರೂ ತೀರಿಕೊಂಡದ್ದು 1964ರ ಮೇ 27. ಆ ವರ್ಷ 12ನೇ ತಾರೀಖು ಬುಧವಾರ ಬಂದದ್ದು ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಮಾತ್ರ. ಫೆಬ್ರವರಿಯಲ್ಲಿ ಅವರಿನ್ನೂ ಇದ್ದರು. ಆದ್ದರಿಂದ ಪತ್ರ 1964ರ ಆಗಸ್ಟ್ 12ರದ್ದು. ಫೋನಿನ ಕ್ಯಾಲೆಂಡರನ್ನು ಹಿಂದಕ್ಕೆ ಸರಿಸಿದರೆ ಈ ವಾರದ ಲೆಕ್ಕ ಸಿಗುತ್ತದೆ.

ಹೀಗೆ ಕಂಡುಹಿಡಿದ ತಾರೀಖನ್ನು ಪತ್ರದ ಮೇಲೆ ಬರೆಯಬೇಡಿ. ಪಟ್ಟಿಯಲ್ಲಿ ಚೌಕ ಆವರಣದಲ್ಲಿ ಹಾಕಿ, ಪಕ್ಕದಲ್ಲಿ ಯಾವ ಆಧಾರದಿಂದ ಅಂತ ಬರೆಯಿರಿ. ಬರೀ ಊಹೆ ಆದರೆ ‘ಸುಮಾರು’ ಅಂತ ಸೇರಿಸಿ. ಮುಂದೆ ಓದುವವರಿಗೆ ಪತ್ರದಲ್ಲಿದ್ದ ತಾರೀಖು ಯಾವುದು, ನೀವು ಲೆಕ್ಕ ಹಾಕಿದ್ದು ಯಾವುದು ಅಂತ ಬೇರೆಬೇರೆಯಾಗಿ ಕಾಣಬೇಕು, ಅಲ್ವಾ?

ಹಂತ 6: ಪಟ್ಟಿ

ಎಕ್ಸೆಲ್ ಇಲ್ಲವೇ ಗೂಗಲ್ ಶೀಟ್ಸ್, ಯಾವುದಾದರೂ ಸರಿ. ಕಾಲಂಗಳು ಇಷ್ಟು: ನಂಬರ್, ತಾರೀಖು, ತಾರೀಖಿನ ಆಧಾರ, ಬರೆದವರು, ಯಾರಿಗೆ, ಊರು, ಭಾಷೆ, ಬಗೆ, ಪುಟ, ಲಕೋಟೆ ಇದೆಯೇ, ಜೊತೆಗಿರುವುದು, ಯಾವ ಕೃತಿಯ ಬಗ್ಗೆ, ಒಂದು ಸಾಲಿನ ಸಾರ, ಸ್ಥಿತಿ, ಗುಟ್ಟು.

ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಥರ ಕಾಣುವ ಯೂನಿಕೋಡ್ ಅಕ್ಷರದಲ್ಲೇ ಟೈಪ್ ಮಾಡಿ. ‘ನುಡಿ’, ‘ಬರಹ’ ಅನ್ನುವ ಕನ್ನಡ ತಂತ್ರಾಂಶಗಳ ಹಳೇ ಫಾಂಟಿನಲ್ಲಿ ಮಾಡಿದ ಪಟ್ಟಿ ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರವಾಗಿ ತೆರೆಯುತ್ತದೆ, ಹುಡುಕಿದರೂ ಸಿಗುವುದಿಲ್ಲ. ಇಡೀ ಪಟ್ಟಿ ಹೀಗೆ ಮಾಡಿ ಆಮೇಲೆ ಮತ್ತೆ ಟೈಪ್ ಮಾಡುವವರನ್ನು ನೋಡಿದರೆ ಸಂಕಟವಾಗುತ್ತದೆ.

ಸಾರ ಬರೆಯುವಾಗ ‘ಕಾದಂಬರಿ ಬಗ್ಗೆ ಮೆಚ್ಚುಗೆ’ ಅಂತ ಬರೆದರೆ ಪ್ರಯೋಜನ ಇಲ್ಲ. ಓದುಗರ ಪತ್ರಗಳೆಲ್ಲ ಮೆಚ್ಚುಗೆಯೇ. ‘ಭದ್ರಾವತಿಯ ಕಾರ್ಮಿಕ, ಸುರಂಗದ ಅಧ್ಯಾಯದಲ್ಲಿ ಡೈನಮೈಟ್ ಬಳಸಿದ ರೀತಿ ತಪ್ಪು ಅನ್ನುತ್ತಾರೆ, ತಮ್ಮ ಕೆಲಸದ ಅನುಭವದಿಂದ ವಿವರಿಸುತ್ತಾರೆ’ ಅಂತ ಬರೆದರೆ ಹತ್ತು ವರ್ಷದ ಮೇಲೆ ಹುಡುಕುವವರಿಗೂ ಆ ಪತ್ರ ಸಿಗುತ್ತದೆ. ಸಾಹಸ ಕಾದಂಬರಿಯ ಓದುಗರು ಹೀಗೆ ತಿದ್ದುವವರೇ. ಅವರ ಪತ್ರಗಳಲ್ಲಿ ಆ ಕಾಲದ ಗಿರಣಿ, ಬಂದರು, ರೈಲ್ವೆಯ ಕೆಲಸದ ವಿವರ ಸಿಗುತ್ತದೆ.

ಹೆಸರಿನ ಗೊಂದಲಕ್ಕೆ ಮೊದಲೇ ತಯಾರಾಗಿ. ಪತ್ರಿಕೆಗೆ ಸ್ವಂತ ಹೆಸರು, ಕಾದಂಬರಿಗೆ ಕಾವ್ಯನಾಮ, ಇನ್ನೊಂದು ಪ್ರಕಾಶನಕ್ಕೆ ಇನ್ನೊಂದು ಹೆಸರು, ಮನೆಯಲ್ಲಿ ಕರೆಯುವುದು ಮತ್ತೊಂದು. ಕಾದಂಬರಿಯ ಪತ್ತೇದಾರನ ಹೆಸರಿಗೇ ಮಕ್ಕಳು ಪತ್ರ ಬರೆದಿದ್ದರೆ ಅಚ್ಚರಿಪಡಬೇಡಿ. ‘ಯಾರಿಗೆ’ ಕಾಲಂನಲ್ಲಿ ಪತ್ರದಲ್ಲಿದ್ದ ಹೆಸರನ್ನೇ ಹಾಕಿ. ಯಾವ ಹೆಸರು ಯಾರದು ಅನ್ನುವುದಕ್ಕೆ ಬೇರೆ ಹಾಳೆ ಇಡಿ.

ಮುಂಬಯಿಯ ಲೇಖಕರ ಪತ್ರಗಳು ಒಂದೇ ಭಾಷೆಯಲ್ಲಿ ಇರುವುದೂ ಅಪರೂಪ. ಕಚೇರಿಯದು ಇಂಗ್ಲಿಷ್, ಮುದ್ರಣಾಲಯದ್ದು ಮರಾಠಿ, ಓದುಗರದ್ದು ಕನ್ನಡ, ಮನೆಯದು ಕನ್ನಡ ಲಿಪಿಯ ತುಳು ಅಥವಾ ಕೊಂಕಣಿ. ಅರ್ಥವಾಗದ್ದನ್ನು ಸುಮ್ನೆ ಬಿಟ್ಟುಬಿಡಬೇಡಿ. ‘ಮರಾಠಿ, ಓದಬೇಕು’ ಅಂತ ಗುರುತು ಹಾಕಿ ಮುಂದೆ ಹೋಗಿ. ನೆರೆಮನೆಯವರ ಸಹಾಯ ಆಮೇಲೆ ಕೇಳಬಹುದು.

ಹಂತ 7: ಸ್ಕ್ಯಾನ್

ಈಗ ಸ್ಕ್ಯಾನರ್ ಹೊರಗೆ ತೆಗೆಯಿರಿ. ಮುಚ್ಚಳ ಎತ್ತುವ ಫ್ಲಾಟ್‌ಬೆಡ್ ಸ್ಕ್ಯಾನರ್ ಮಾತ್ರ ಬಳಸಿ. ಕಾಗದವನ್ನು ಒಳಗೆಳೆದುಕೊಳ್ಳುವ ಯಂತ್ರಕ್ಕೆ ಹಳೇ ಪತ್ರ ಕೊಡಬಾರದು. ಸ್ಕ್ಯಾನ್ ಎಷ್ಟು ಸೂಕ್ಷ್ಮ ಅಂತ ಹೇಳುವ ಡಿಪಿಐ ಪತ್ರಕ್ಕೆ ಕನಿಷ್ಠ 300, ಪೋಸ್ಟ್‌ಕಾರ್ಡಿನ ಇರುಕು ಬರಹಕ್ಕೆ 400, ಫೋಟೊ ಮತ್ತು ಮುದ್ರೆಗೆ 600. ಕಪ್ಪುಬಿಳುಪು ಬೇಡ, ಬಣ್ಣದಲ್ಲೇ ತೆಗೆಯಿರಿ. ಕೆಂಪು ಪೆನ್ಸಿಲಿನ ಸಂಪಾದಕರ ಗುರುತು ಕಪ್ಪುಬಿಳುಪಿನಲ್ಲಿ ಬೇರೆಯಾಗಿ ಕಾಣುವುದೇ ಇಲ್ಲ. ಮೂಲ ಪ್ರತಿ ಟಿಫ್ ಬಗೆಯ ಫೈಲಿನಲ್ಲಿ, ಹಂಚಲು ಜೆಪೆಗ್ ಬಗೆಯಲ್ಲಿ.

ಈರುಳ್ಳಿ ಸಿಪ್ಪೆಯಂಥ ತೆಳು ಕಾರ್ಬನ್ ಪ್ರತಿಗೆ ಹಿಂದೆ ಬಿಳೀ ಹಾಳೆ ಇಡಿ, ಅಕ್ಷರ ಎದ್ದು ಕಾಣುತ್ತದೆ. ಎರಡೂ ಬದಿ ಬರೆದ ಪತ್ರವಾದರೆ ಹಿಂದೆ ಕಪ್ಪು ಹಾಳೆ ಇಡಿ. ಹಿಂಬದಿಯ ಇಂಕು ಮುಂದೆ ತೋರುವುದು ಕಮ್ಮಿಯಾಗುತ್ತದೆ. ಇನ್‌ಲ್ಯಾಂಡನ್ನು ಪೂರ್ತಿ ಬಿಡಿಸಿ ಎರಡೂ ಬದಿ ತೆಗೆಯಿರಿ, ಮಡಚುವ ಅಂಚಿನಲ್ಲೂ ಎರಡು ಸಾಲು ಬರೆದಿರುತ್ತಾರೆ. ಪೋಸ್ಟ್‌ಕಾರ್ಡಿನಲ್ಲಿ ಜಾಗ ಮುಗಿದರೆ ವಿಳಾಸದ ಬದಿಗೂ ಮಾತು ಹರಿಯುತ್ತದೆ. ಅದನ್ನೂ ಬಿಡಬೇಡಿ.

ಮೊಬೈಲೇ ಗತಿ ಆದರೆ ಕಿಟಕಿಯ ಬೆಳಕು, ಫ್ಲ್ಯಾಶ್ ಇಲ್ಲ, ಫೋನು ಕಾಗದಕ್ಕೆ ಸಮತಟ್ಟಾಗಿ ಸ್ಟ್ಯಾಂಡಿನ ಮೇಲೆ, ಪಕ್ಕದಲ್ಲಿ ಸ್ಕೇಲ್. ಡಾಕ್ಯುಮೆಂಟ್ ಮೋಡ್ ಬೇಡ. ಅದು ಹಿನ್ನೆಲೆಯನ್ನು ಬೆಳ್ಳಗೆ ಮಾಡುವ ಭರದಲ್ಲಿ ಪೆನ್ಸಿಲ್ ಬರಹವನ್ನೂ ಮುದ್ರೆಯನ್ನೂ ಅಳಿಸಿಬಿಡುತ್ತದೆ.

ಫೈಲಿನ ಹೆಸರು ಪತ್ರದ ನಂಬರೇ ಆಗಿರಲಿ: 4-017-01, 4-017-02. ‘ಅಜ್ಜನ ಪತ್ರ ಹೊಸದು ಫೈನಲ್’ ಅಂತ ಇಟ್ಟರೆ ಆರು ತಿಂಗಳಲ್ಲಿ ನಿಮಗೇ ಗೊತ್ತಾಗುವುದಿಲ್ಲ. ಕೈಬರಹ ಓದುವ ತಂತ್ರಾಂಶಗಳನ್ನು ಕನ್ನಡ ಪತ್ರಗಳಿಗೆ ನೆಚ್ಚಿಕೊಳ್ಳಬೇಡಿ. ಒಬ್ಬರು ಓದಿ, ಒಬ್ಬರು ಟೈಪ್ ಮಾಡಿದರೆ ಕೆಲಸ ಬೇಗ, ತಪ್ಪೂ ಕಮ್ಮಿ.

ಪ್ರತಿಗಳು ಮೂರು. ಮನೆಯ ಹಾರ್ಡ್ ಡಿಸ್ಕ್, ಕ್ಲೌಡ್, ಮತ್ತೆ ಬೇರೆ ಊರಿನ ನೆಂಟರ ಹತ್ತಿರ ಒಂದು ಡಿಸ್ಕ್.

ಹಂತ 8: ಹಕ್ಕು ಮತ್ತು ಗುಟ್ಟು

ಪತ್ರ ನಿಮ್ಮ ಟ್ರಂಕಿನಲ್ಲಿದೆ ಅಂದ ಮಾತ್ರಕ್ಕೆ ಅಚ್ಚು ಹಾಕುವ ಹಕ್ಕು ನಿಮ್ಮದಲ್ಲ. ಕಾಗದ ಪಡೆದವರದ್ದು, ಬರಹದ ಹಕ್ಕು ಬರೆದವರದ್ದು, ಅವರ ನಂತರ ಅವರ ವಾರಸುದಾರರದ್ದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಮಾಮೂಲಿ ಅವಧಿ ಲೇಖಕರು ತೀರಿದ ಮೇಲೆ 60 ವರ್ಷ. ಆದರೆ ಬದುಕಿದ್ದಾಗ ಪ್ರಕಟವಾಗದ ಬರಹಕ್ಕೆ ಆ 60 ವರ್ಷದ ಲೆಕ್ಕ ಶುರುವಾಗುವುದು ಅದು ಮೊದಲ ಸಲ ಪ್ರಕಟವಾದ ಮೇಲೆ. ಪತ್ರಗಳು ಹೆಚ್ಚಾಗಿ ಈ ಎರಡನೇ ಬಗೆ. ಹಾಗಾಗಿ ‘ಹಳೆಯದು, ಯಾರು ಕೇಳುತ್ತಾರೆ’ ಅಂತ ಫೇಸ್‌ಬುಕ್‌ಗೆ ಹಾಕಬೇಡಿ. ಬರೆದವರ ಮನೆಯವರನ್ನು ಹುಡುಕಿ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ.

ಪತ್ರಕರ್ತರ ವಿಷಯದಲ್ಲಿ ಇನ್ನೊಂದು ಹೊಣೆ ಇದೆ. ಹೆಸರು ಹೇಳಬೇಡಿ ಅಂತ ನಂಬಿ ಸುದ್ದಿ ಕೊಟ್ಟವರ ಪತ್ರಗಳು ಕಟ್ಟಿನಲ್ಲಿ ಇರಬಹುದು. ಅವರು, ಅವರ ಮಕ್ಕಳು ಇನ್ನೂ ಅದೇ ಊರಿನಲ್ಲಿ ಇರಬಹುದು. ಅಂಥದ್ದು ಕಂಡರೆ ‘ಗುಟ್ಟು’ ಕಾಲಂನಲ್ಲಿ ಗುರುತು ಹಾಕಿ, ಬೇರೆ ಫೋಲ್ಡರಿನಲ್ಲಿಡಿ, ಯಾರಿಗೂ ಫೋಟೊ ಕಳಿಸಬೇಡಿ. ಕಷ್ಟಸುಖ ಹೇಳಿಕೊಂಡ ಓದುಗರ ಪತ್ರಕ್ಕೂ ಇದೇ ಮಾತು. ಆದರೆ ಹರಿದು ಹಾಕಬೇಡಿ. ಇಂತಿಷ್ಟು ವರ್ಷ ಮುಚ್ಚಿಡಬೇಕು ಅಂತ ಬರೆದಿಟ್ಟರೆ ಸಾಕು.

ಹಂತ 9: ಇನ್ನೊಂದು ಬದಿಯ ಪತ್ರಗಳು

ಟ್ರಂಕಿನಲ್ಲಿರುವುದು ಬಂದ ಪತ್ರಗಳು. ಲೇಖಕರು ಬರೆದದ್ದು ಬೇರೆಯವರ ಮನೆಗಳಲ್ಲಿದೆ. ನಿಮ್ಮ ಪಟ್ಟಿಯಲ್ಲಿ ಯಾರ ಹೆಸರು ಹೆಚ್ಚು ಸಲ ಬಂದಿದೆ ನೋಡಿ, ಅವರ ಮನೆಯವರಿಗೆ ಮೊದಲು ಬರೆಯಿರಿ. ಬರೀ ‘ಪತ್ರ ಇದೆಯಾ’ ಅಂತ ಕೇಳಿದರೆ ಉತ್ತರ ಬರುವುದಿಲ್ಲ. ಅವರ ತಂದೆ ಬರೆದ ಪತ್ರದ ಒಂದು ಸ್ಕ್ಯಾನ್ ಜೊತೆಗಿಡಿ, ಇಂಥ ವರ್ಷದ ಉತ್ತರ ನಿಮ್ಮಲ್ಲಿರಬಹುದು ಅಂತ ತಿಳಿಸಿ. ಮೂಲ ಕೇಳಬೇಡಿ, ಸ್ಕ್ಯಾನ್ ಮಾಡಿಕೊಡುತ್ತೇವೆ ಅನ್ನಿ.

ಹಂತ 10: ಇಡುವುದು ಅಥವಾ ಒಪ್ಪಿಸುವುದು

ಮನೆಯಲ್ಲೇ ಇಡುವುದಾದರೆ ನೆಲದ ಮೇಲೆ ಬೇಡ, ಲಾಫ್ಟ್ ಬೇಡ, ಬಚ್ಚಲಿನ ಗೋಡೆಗೆ ತಾಗಿದ ಕಪಾಟು ಬೇಡ. ಒಳಗೋಡೆಯ ಕಪಾಟಿನಲ್ಲಿ, ನೆಲದಿಂದ ಅರ್ಧ ಅಡಿಯಾದರೂ ಮೇಲೆ ಇಡಿ. ವಾಸನೆ ಬರುವ ಮೆತ್ತನೆಯ ಪಿವಿಸಿ ಕವರ್ ಬೇಡ. ಪ್ಲಾಸ್ಟಿಕ್ ಬೇಕೇ ಬೇಕಾದರೆ ಪಾಲಿಯೆಸ್ಟರ್ ಕವರ್ ತೆಗೆದುಕೊಳ್ಳಿ. ಸಿಲಿಕಾ ಜೆಲ್ ಹಾಕಿದರೆ ಬಣ್ಣ ತಿರುಗಿದಾಗ ಒಣಗಿಸಿ ಮತ್ತೆ ಹಾಕಬೇಕು. ಮರೆತುಬಿಟ್ಟ ಜೆಲ್ ಇದ್ದೂ ಇಲ್ಲದ ಹಾಗೆ.

ಸಂಸ್ಥೆಗೆ ಕೊಡುವುದಾದರೆ ಪಟ್ಟಿ ಕೈಯಲ್ಲಿಟ್ಟುಕೊಂಡೇ ಹೋಗಿ. ಪಟ್ಟಿ ಇಲ್ಲದ ಟ್ರಂಕು ಅಂದರೆ ಯಾರಿಗೂ ಹೊರೆ. ಕಲೀನಾದ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಬೆಂಗಳೂರಿನ ರಾಜ್ಯ ಪತ್ರಾಗಾರ, ಹೀಗೆ ಒಂದೆರಡು ಕಡೆ ವಿಚಾರಿಸಿ. ದೆಹಲಿಯ ರಾಷ್ಟ್ರೀಯ ಪತ್ರಾಗಾರವೂ ಖಾಸಗಿ ವ್ಯಕ್ತಿಗಳ ಕಾಗದಪತ್ರ ಸ್ವೀಕರಿಸುತ್ತದೆ. ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘದಲ್ಲಿ ಕೇಳಿದರೆ ಆ ಲೇಖಕರನ್ನು, ಅವರಿಗೆ ಬರೆದವರನ್ನು ಬಲ್ಲ ಹಿರಿಯರು ಸಿಗಬಹುದು. ಅವರ ನೆನಪು ಪಟ್ಟಿಯ ಖಾಲಿ ಜಾಗಗಳನ್ನು ತುಂಬುತ್ತದೆ.

ಒಪ್ಪಿಸುವಾಗ ಬರೀ ಒಂದು ರಸೀದಿಗೆ ತೃಪ್ತರಾಗಬೇಡಿ. ಒಪ್ಪಂದದಲ್ಲಿ ಐದು ಸಂಗತಿ ಇರಲಿ: ಪೂರ್ತಿ ಪಟ್ಟಿ ಲಗತ್ತಿಸಿದ್ದು, ಕೊಟ್ಟದ್ದು ದಾನವೋ ಠೇವಣಿಯೋ, ಯಾವ ಪತ್ರ ಎಷ್ಟು ವರ್ಷ ಮುಚ್ಚಿರಬೇಕು, ಸ್ಕ್ಯಾನ್ ಪ್ರತಿ ನಿಮ್ಮಲ್ಲೂ ಇರುತ್ತದೆ ಅನ್ನುವುದು, ಮುಂದೆ ಅವರಿಗೆ ಬೇಡವಾದರೆ ಮೊದಲು ನಿಮಗೆ ತಿಳಿಸಬೇಕು ಅನ್ನುವುದು. ಕಟ್ಟುಗಳನ್ನು ಬೇರೆ ಬೇರೆ ಸಂಸ್ಥೆಗಳಿಗೆ ಹಂಚಬೇಡಿ. ಸಂಪಾದಕರ ಪತ್ರ ಒಂದೂರಲ್ಲಿ, ಅದಕ್ಕೆ ಲೇಖಕರ ಕಾರ್ಬನ್ ಉತ್ತರ ಇನ್ನೊಂದೂರಲ್ಲಿ ಆದರೆ ಎರಡೂ ಅರ್ಧರ್ಧ.

ಮನೆಯಲ್ಲಿಟ್ಟವರು ಪ್ರತಿ ವರ್ಷ ಎರಡು ಸಲ ಪೆಟ್ಟಿಗೆ ತೆರೆದು ನೋಡಿ, ಮೇ ಕೊನೆಗೆ ಒಮ್ಮೆ, ಮಳೆ ನಿಂತ ಮೇಲೆ ಅಕ್ಟೋಬರ್‌ನಲ್ಲಿ ಒಮ್ಮೆ. ಮೂಸಿ ನೋಡಿ, ಮೀಟರ್ ಓದಿ, ಪ್ರತಿ ಕಟ್ಟಿನಿಂದ ಒಂದೊಂದು ಮಡಿಕೆ ಬಿಡಿಸಿ ನೋಡಿ. ಹೊಸ ಕಲೆ, ಪುಡಿ, ತೂತು ಏನಾದರೂ ಕಂಡರೆ ಆ ಕಟ್ಟನ್ನು ಮಾತ್ರ ಹೊರಗಿಟ್ಟು ಒಂದನೇ ಹಂತದಿಂದ ಮತ್ತೆ ಶುರು ಮಾಡಿ. ನೋಡಿದ ತಾರೀಖನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ ಚೀಟಿಯಲ್ಲಿ ಬರೆದಿಡಿ.